ಅರ್ಧ ತೋಳಿನ ಬೇಸಿಗೆ

ಎಲ್ಲಕ್ಕೂ ಮೂಲ ಆ ಟೇಬಲ್ ಫ್ಯಾನು.

ಬೇಸಿಗೆ ಮುಗಿಯಲು ಇನ್ನೂ ಕೆಲವು ವಾರಗಳಿದ್ದವು. ಸರೋವರದ ಮೇಲಿಂದ ಬರುವ ಗಾಳಿಗೆ ಮಾತ್ರ ಅದನ್ನು ಯಾರೂ ಹೇಳಿದಂತಿರಲಿಲ್ಲ. ಬೆಳಿಗ್ಗೆ ನೀರಿನ ಮೇಲೆ ಮಂಜು, ಮಧ್ಯಾಹ್ನ ಬಿಸಿಯಿಲ್ಲದ ಬಿಸಿಲು, ಸಂಜೆಯಾದರೆ ಹಲ್ಲು ಕಟಕಟ. ಬೇರೆ ವರ್ಷಗಳಲ್ಲಿ ಈ ಹೊತ್ತಿಗೆ ದೋಣಿಕಟ್ಟೆಯ ಕಲ್ಲಿನ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಈ ವರ್ಷವೂ ಆಗುತ್ತಿರಲಿಲ್ಲ, ಕಾರಣ ಮಾತ್ರ ಬೇರೆ. "ನಮ್ಮ ಕಾಲದಲ್ಲಿ ಇಂಥದ್ದು ಕಂಡಿಲ್ಲ" ಎಂದು ಹಿರಿಯರು ಹೇಳಿದರು. ಅವರು ಎಲ್ಲದಕ್ಕೂ ಹಾಗೇ ಹೇಳುತ್ತಾರೆ ಅನ್ನಿ, ಆದರೆ ಈ ಸಲ ಅದು ನಿಜವಾಗಿತ್ತು.

ಈ ಚಳಿಗೆ ಎಲ್ಲರಿಗಿಂತ ಹೆಚ್ಚು ಕಂಗಾಲಾದವರು ಲಾಂಚು ಕಂಪನಿಯ ಯಜಮಾನರು. ಪ್ರವಾಸಿಗರನ್ನು ಲಾಂಚಿನಲ್ಲಿ ಕೂರಿಸಿ ಸರೋವರ ಸುತ್ತಿಸಿ ತರುವುದು ಅವರ ವ್ಯವಹಾರ. ಬೇಸಿಗೆಯಲ್ಲಿ ದುಡಿದದ್ದನ್ನೇ ವರ್ಷವಿಡೀ ಉಣ್ಣಬೇಕು. ಹೋದ ವಾರ ಬಸ್ಸು ತುಂಬ ಪ್ರವಾಸಿಗರು ಬಂದಿಳಿದಾಗ ಲಾಂಚಿನ ಚಾಲಕ ಉಣ್ಣೆಯ ಕೋಟು ಹಾಕಿ, ಮಫ್ಲರು ಸುತ್ತಿಕೊಂಡು ಕರಡಿಯ ಹಾಗೆ ಕೂತಿದ್ದ. ಅವನನ್ನು ಕಂಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಂದ ಹಾಗೇ ಬಸ್ಸು ಹತ್ತಿ ಹೊರಟುಹೋದರು.

ಅದೇ ಸಂಜೆ ಯಜಮಾನರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ಸೀಸನ್ ಮುಗಿಯೋವರೆಗೂ ಇಲ್ಲಿ ಬೇಸಿಗೆನೇ. ಆಕಾಶ ಏನಾದ್ರೂ ಹೇಳ್ಕೊಳ್ಲಿ. ಎಲ್ರೂ ಕಂಪನಿ ಅಂಗೀಲೇ ಇರ್ಬೇಕು. ಪ್ರವಾಸಿಗರ ಮುಂದೆ ಯಾರೂ ನಡುಗೋ ಹಾಗಿಲ್ಲ. ಯಾರ ಮೈಮೇಲಾದ್ರೂ ಉಣ್ಣೆ ಕಂಡ್ರೆ, ಅವನು ಅದನ್ನ ಹಾಕ್ಕೊಂಡೇ ಮನೆಗೆ ಹೋಗ್ಬಹುದು. ವಾಪಸ್ ಬರೋದು ಬೇಡ."

ಕಂಪನಿ ಅಂಗಿಯೆಂದರೆ ಅರ್ಧ ತೋಳಿನ, ಒರಟು ಹತ್ತಿಯ ಬಿಳಿ ಅಂಗಿ. ಜೇಬಿನ ಮೇಲೆ ನಗುವ ಸೂರ್ಯ. ಎಲ್ಲರಿಗೂ ಒಂದೇ ಅಳತೆ. ಇಷ್ಟಕ್ಕೇ ಬಿಡದೆ, ಟಿಕೆಟ್ ಗೂಡಿನಲ್ಲಿ ದಿನವಿಡೀ ಫ್ಯಾನು ತಿರುಗುತ್ತಿರಬೇಕು ಎಂದರು. ಫ್ಯಾನು ತಿರುಗುವುದನ್ನು ನೋಡಿದರೆ ಬಂದವರಿಗೆ ಸೆಖೆ ಇರಬೇಕು ಅನ್ನಿಸುತ್ತದಂತೆ. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಕಟ್ಟೆಯ ಮೇಲಿನ ಟೀ ಅಂಗಡಿಯ ಅಕ್ಕ ಗೊಣಗಿದಳು. ಅವಳು ಇನ್ನೂ ಒಂದು ಮಾತು ಸೇರಿಸಿದ್ದಳು: "ಸೀಸನ್ ಬಿದ್ದುಹೋಗಿದೆ ಅಂತಾರೆ, ಯಜಮಾನ್ರ ಮೈ ಮಾತ್ರ ದಿನದಿನಕ್ಕೆ ಏರ್ತಾನೇ ಇದೆ ನೋಡಿ." ಅದು ಎಲ್ಲರಿಗೂ ಕಾಣುತ್ತಿತ್ತು.

ಆ ಟಿಕೆಟ್ ಗೂಡಿನಲ್ಲಿ ಕೂರುತ್ತಿದ್ದವನು ಕಡ್ಡಿ. ಅವನಿಗೂ ಒಂದು ಒಳ್ಳೆಯ ಹೆಸರಿತ್ತು, ಆದರೆ ಅವನ ಮೈಕಟ್ಟು ನೋಡಿದ ಮೇಲೆ ಆ ಹೆಸರು ಯಾರ ನಾಲಿಗೆಗೂ ಬರುತ್ತಿರಲಿಲ್ಲ. ಕಂಪನಿಯ ಅಂಗಿ ಅವನ ಮೇಲೆ ಗೂಟಕ್ಕೆ ನೇತುಹಾಕಿದ ಹಾಗೆ ಇರುತ್ತಿತ್ತು. ಮುಂದಿನಿಂದ ಸರೋವರದ ಗಾಳಿ, ಹಿಂದಿನಿಂದ ಫ್ಯಾನಿನ ಗಾಳಿ. ಹೋದ ಚಳಿಗಾಲದಲ್ಲಿ ಎದೆಗೆ ಶೀತ ಇಳಿದು ಅವನು ಆಸ್ಪತ್ರೆ ಸೇರಿದ್ದ. ಉಸಿರು ಸಿಕ್ಕದೆ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದವನ ಬೆನ್ನು ನೀವಿದವಳು ಹೆಂಡತಿ. ಆ ರಾತ್ರಿಗಳನ್ನು ಅವಳು ಮರೆತಿರಲಿಲ್ಲ.

ಹಾಗಾಗಿ ಅವನ ಕಣ್ಣು ಗಾಜಿನ ಕೋಣೆಯ ಮೇಲೆ ನೆಟ್ಟಿತ್ತು. ಕಟ್ಟೆಯ ಮೇಲ್ತುದಿಯಲ್ಲಿದ್ದ ಆ ಕೋಣೆಯಲ್ಲಿ ಹಿರಿಯ ಗುಮಾಸ್ತರು ಕೂರುತ್ತಿದ್ದರು. ನಾಲ್ಕೂ ಕಡೆ ಗಾಜು. ಬಾಗಿಲು ಹಾಕಿದರೆ ಗಾಳಿಯ ಸುಳಿವಿಲ್ಲ, ಇದ್ದಬದ್ದ ಬಿಸಿಲೆಲ್ಲ ಒಳಗೇ ನಿಲ್ಲುತ್ತಿತ್ತು. ಗುಮಾಸ್ತರು ನಿವೃತ್ತರಾಗಿದ್ದರು. ಅವರ ಕುರ್ಚಿಗೆ ಇಬ್ಬರು ಉಮೇದುವಾರರು, ಒಬ್ಬ ಕಡ್ಡಿ, ಇನ್ನೊಬ್ಬ ಲಾಂಚು ಕಟ್ಟುವ ಹಗ್ಗದವನು. ಯಾರಿಗೆಂದು ಯಜಮಾನರು ಈ ದಿನ ಬಂದು ಹೇಳುವುದಿತ್ತು.

ಬೆಳಿಗ್ಗೆ ಹೆಂಡತಿ ಪೆಟ್ಟಿಗೆಯಿಂದ ಸ್ವೆಟರ್ ತೆಗೆದಳು. ಆಸ್ಪತ್ರೆಯ ಮಂಚದ ಪಕ್ಕ ಕೂತು ಅವಳೇ ಹೆಣೆದದ್ದು. ಇಟ್ಟಿಗೆ ಬಣ್ಣದ್ದು, ಕಂಬಳಿಯಷ್ಟು ದಪ್ಪ.

"ಇದನ್ನ ಹಾಕ್ಕೊಂಡು ಹೋಗಿ."

"ಹಾಕ್ಕೊಂಡ್ರೆ ಕೆಲಸ ಹೋಗತ್ತೆ ಕಣೇ."

"ಹಾಕ್ಕೊಳ್ದಿದ್ರೆ ನೀವೇ ಹೋಗ್ತೀರ. ಕೆಲಸ ಆದ್ರೆ ಇನ್ನೊಂದು ಸಿಗಬಹುದು."

"ಇವತ್ತೊಂದಿನ ತಡ್ಕೋ. ಗಾಜಿನ ಕೋಣೆ ಸಿಕ್ಕಿಬಿಟ್ರೆ ಸ್ವೆಟರೇ ಬೇಡ."

"ರಾತ್ರಿ ಎಷ್ಟು ಸಲ ಕೆಮ್ಮಿದ್ರಿ ಅಂತ ನಿಮಗೆ ಗೊತ್ತಾ? ನನಗೆ ಗೊತ್ತು." ಅವಳು ಸ್ವೆಟರನ್ನು ಅವನ ಕೈಗೆ ತುರುಕಿದಳು. "ಅಂಗಿ ಒಳಗೆ ಹಾಕ್ಕೊಳ್ಳಿ. ಯಾರು ಬಿಚ್ಚಿ ನೋಡ್ತಾರೆ? ತೆಗೆದ್ರೆ ನನ್ನಾಣೆ."

ಅತ್ತ ದರಿ, ಇತ್ತ ಪುಲಿ. ಕಡ್ಡಿ ಸ್ವೆಟರ್ ತೊಟ್ಟು, ಅದರ ಉದ್ದ ತೋಳನ್ನು ಮೊಣಕೈ ಮೇಲಕ್ಕೆ ಮಡಚಿ ಮಡಚಿ ಏರಿಸಿ, ಮೇಲೆ ಕಂಪನಿಯ ಅಂಗಿ ತೊಟ್ಟು ಕತ್ತಿನ ತನಕ ಗುಂಡಿ ಹಾಕಿಕೊಂಡ. ಯಾವಾಗಲೂ ಜೋತಾಡುತ್ತಿದ್ದ ಅಂಗಿ ಈ ದಿನ ಗುಂಡಿ ಕಿತ್ತುಬರುವಷ್ಟು ತುಂಬಿಕೊಂಡಿತು. ಕನ್ನಡಿಯಲ್ಲಿ ನೋಡಿಕೊಂಡರೆ ದಷ್ಟಪುಷ್ಟವಾದ ದೇಹದ ಮೇಲೆ ತನ್ನ ಮುಖ. ಪರವಾಗಿಲ್ಲ ಅನ್ನಿಸಿತು.

ಪರವಾಗಿಲ್ಲ ಅನ್ನುವ ಹಾಗಿರಲಿಲ್ಲ. ಅದನ್ನು ಮೊದಲು ಕಂಡವರು ಮೇಷ್ಟ್ರು. ನಿವೃತ್ತರಾದ ಮೇಲೆ ಮೊದಲ ಲಾಂಚಿನಲ್ಲಿ ಆಚೆ ದಡಕ್ಕೆ ಹೋಗಿ, ಅದೇ ಲಾಂಚಿನಲ್ಲಿ ವಾಪಸು ಬರುವುದು ಅವರ ದಿನದ ಕೆಲಸ. ಟಿಕೆಟ್ಟಿಗೆ ಕೈ ಚಾಚಿದವರು ಹಾಗೇ ನಿಂತುಬಿಟ್ಟರು.

"ಏನಪ್ಪಾ ಇದು?"

"ಏನು ಮೇಷ್ಟ್ರೇ?"

"ನಿನ್ನೆ ಸಂಜೆ ನೋಡಿದ್ದೀನಿ. ಎಲುಬು ಎಣಿಸೋ ಹಾಗಿದ್ದೆ."

"ಸ್ವಲ್ಪ ಮೈ ಬಂದಿದೆ ಮೇಷ್ಟ್ರೇ."

"ರಾತ್ರಿ ಬೆಳಗಾಗೋದ್ರೊಳಗಾ?" ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮುಖ ಸಣ್ಣ, ಕೈ ಸಣ್ಣ, ನಡುವೆ ಮಾತ್ರ ಊತ. ನೀರು ತುಂಬ್ಕೊಂಡಿದೆಯಪ್ಪಾ. ನನ್ನ ಭಾವಮೈದನಿಗೂ ಹೀಗೇ ಆಗಿತ್ತು."

"ಈಗ ಹೇಗಿದ್ದಾರೆ?" ಎಂದು ಕಡ್ಡಿ ಬಾಯಿತಪ್ಪಿ ಕೇಳಿಬಿಟ್ಟ.

"ಒಳ್ಳೇ ಮನುಷ್ಯ" ಎಂದರು ಮೇಷ್ಟ್ರು. "ಒಳ್ಳೇ ಮನುಷ್ಯ ಆಗಿದ್ದ."

ಆ ದಿನ ಮೇಷ್ಟ್ರು ಆಚೆ ದಡಕ್ಕೆ ಹೋಗಲಿಲ್ಲ. ಜೀವಮಾನವೆಲ್ಲ ಪಾಠ ಹೇಳಿದ ಬಾಯಿ, ಅದಕ್ಕೆ ವಿಷಯ ಸಿಕ್ಕಿ ಎಷ್ಟೋ ದಿನವಾಗಿತ್ತು. ನೇರ ಟೀ ಅಂಗಡಿಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಹಿಂದೆಯೇ ಹಗ್ಗದವನು, ಚಾಲಕ, ಟೀ ಕುಡಿಯಲು ಬಂದಿದ್ದ ನಾಲ್ಕಾರು ಜನ.

"ಎಲ್ಲಿ ತಮ್ಮಾ, ಕೈ ಕೊಡು" ಎಂದವಳೇ ಅಕ್ಕ ಗೂಡಿನ ಕಿಂಡಿಯಿಂದ ಕೈ ತೂರಿಸಿ ಅವನ ರಟ್ಟೆಯನ್ನು ಅಂಗಿಯ ಮೇಲಿಂದಲೇ ಹೆಬ್ಬೆರಳಲ್ಲಿ ಒತ್ತಿದಳು. ಹೆಬ್ಬೆರಳು ಒಳಗೆ ಹೋಯಿತು. ಅವಳು ಬಿಟ್ಟಳು. ಗುಳಿ ಮೆಲ್ಲಗೆ, ಬಹಳ ಮೆಲ್ಲಗೆ ಮೇಲೆದ್ದಿತು.

"ಅಯ್ಯೋ ನನ್ನಪ್ಪಾ" ಎಂದಳು ಅಕ್ಕ. "ಒತ್ತಿದ್ರೆ ಗುಳಿ ಬೀಳ್ತಿದೆ!"

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

"ನನಗೇನೂ ಆಗಿಲ್ಲ ಅಕ್ಕಾ" ಎಂದ ಕಡ್ಡಿ. ಸ್ವೆಟರ್ ಅಂದರೆ ಕೆಲಸ ಹೋಯಿತು, ಅನ್ನದಿದ್ದರೆ ಪ್ರಾಣ ಹೋಗುತ್ತಿದೆ ಎಂದು ಇವರು ತೀರ್ಮಾನಿಸುತ್ತಾರೆ. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಇದರ ಮೇಲೆ, ಕಂಬಳಿಯಂಥ ಸ್ವೆಟರಿನೊಳಗೆ ಗಾಬರಿಯೂ ಸೇರಿ ಅವನ ಹಣೆಯಲ್ಲಿ ಬೆವರು ಮೂಡತೊಡಗಿತ್ತು. ಕಟ್ಟೆಯ ಮೇಲಿದ್ದವರೆಲ್ಲ ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ನಿಂತಿದ್ದಾರೆ, ಇವನೊಬ್ಬ ಫ್ಯಾನಿನ ಮುಂದೆ ಕೂತು ಬೆವರುತ್ತಿದ್ದಾನೆ.

"ಬೆವರು ಬೇರೆ" ಎಂದರು ಮೇಷ್ಟ್ರು.

ಹನ್ನೊಂದರ ಲಾಂಚಿಗೆ ಟಿಕೆಟ್ ಕೊಡಲು ಕೈ ಚಾಚಿದಾಗ ಬಲತೋಳಿನ ಮಡಿಕೆ ಅಂಗಿಯೊಳಗೇ ಜಾರಿ ಮೊಣಕೈಯ ತನಕ ಬಂತು. ಕಡ್ಡಿ ತಟ್ಟನೆ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡು ಎಡಗೈಯಿಂದ ಮೇಲಕ್ಕೆ ನೂಕಿದ. ಆದರೆ ಮೇಷ್ಟ್ರ ಕಣ್ಣಿಗೆ ಬೀಳದ್ದು ಯಾವುದಿದೆ?

"ಊತ ಕೆಳಗಿಳೀತಿದೆ" ಎಂದು ಅವರು ಪಿಸುಗುಟ್ಟಿದರು. "ಅಯ್ಯೋ, ಮತ್ತೆ ಮೇಲೇರ್ತು."

"ಇಳಿದ್ರೆ ಒಳ್ಳೇದಾ, ಏರಿದ್ರೆ ಒಳ್ಳೇದಾ?" ಎಂದು ಚಾಲಕ ಕೇಳಿದ.

"ನನ್ನ ಭಾವಮೈದನಿಗೆ ಎರಡೂ ಆಗಿತ್ತು."

ಮಧ್ಯಾಹ್ನದ ಹೊತ್ತಿಗೆ ದೋಣಿಕಟ್ಟೆ ಸಾವಿನ ಮನೆಯ ಹಾಗಾಯಿತು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಚಾಲಕ ಲಾಂಚಿನ ಸಿಳ್ಳೆಯನ್ನೂ ಅರ್ಧಕ್ಕೆ ನಿಲ್ಲಿಸಿದ. ಅಕ್ಕ ಉಪ್ಪಿಲ್ಲದ ಗಂಜಿ ತಂದಿಟ್ಟು, "ಊತಕ್ಕೆ ಉಪ್ಪು ವಿಷ ತಮ್ಮಾ, ಇನ್ನು ದಿನಾ ನಾನೇ ತರ್ತೀನಿ" ಎಂದು ಎದುರೇ ನಿಂತಳು. ಕಡ್ಡಿ ಒಂದೊಂದು ಗುಟುಕನ್ನೂ ಕಣ್ಣು ಮುಚ್ಚಿ ನುಂಗಿದ. ಅವನ ಕಣ್ಣಂಚಿನ ನೀರು ಕಂಡು ಅಕ್ಕ ಆಚೆ ತಿರುಗಿ ಮೂಗೊರೆಸಿಕೊಂಡಳು.

ಎಲ್ಲರಿಗಿಂತ ಕಷ್ಟವಾದದ್ದು ಹಗ್ಗದವನನ್ನು ನೋಡುವುದು. ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಹಸಿದರೆ ಹಸಿವು ಅನ್ನುತ್ತಾನೆ, ಚಳಿಯಾದರೆ ಯಜಮಾನರ ಎದುರೇ ಗಡಗಡ ನಡುಗುತ್ತಾನೆ. ಅದಕ್ಕಾಗಿ ಈ ವಾರವೇ ಹತ್ತು ಸಲ ಬೈಸಿಕೊಂಡಿದ್ದ. ನೀರಲ್ಲಿ ನೆನೆದ ಹಗ್ಗ ಎಳೆದೆಳೆದು ಅವನ ಅಂಗೈ ಬಿರಿದಿತ್ತು, ತುಟಿ ನೀಲಿಯಾಗಿತ್ತು. ಗಾಜಿನ ಕೋಣೆ ಕಡ್ಡಿಗೆ ಎಷ್ಟು ಬೇಕಿತ್ತೋ ಅವನಿಗೂ ಅಷ್ಟೇ ಬೇಕಿತ್ತು. ಅಂಥವನು ಗೂಡಿನ ಹತ್ತಿರ ಬಂದು, ಏನೋ ಹೇಳಲು ಹೋಗಿ, ಹೇಳಲಾಗದೆ ವಾಪಸು ಹೋದ.

ಯಜಮಾನರ ಕಾರು ಬಂದದ್ದು ಆಗ. ಕಂಪನಿಯ ಅಂಗಿಯನ್ನೇ ತೊಟ್ಟು, ಗುಂಡಗೆ ಉರುಳುವ ಹಾಗೆ ಇಳಿದರು.

"ಏನ್ರೋ ಇದು? ಎಲ್ರೂ ಯಾಕೆ ಹೀಗೆ ನಿಂತಿದ್ದೀರ? ಯಾರಾದ್ರೂ ಉಣ್ಣೆ ಹಾಕ್ಕೊಂಡಿದ್ದಾರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಡ್ಡಿಯ ಕೈ ತಾನಾಗಿ ಎದೆಯ ಮೇಲೆ ಹೋಯಿತು.

"ಎದೆ ಹಿಡ್ಕೊಂಡ!" ಎಂದು ಚಾಲಕ ಕೂಗಿದ.

ಮೇಷ್ಟ್ರು ಮುಂದೆ ಬಂದು, ಊತ, ಗುಳಿ, ಬೆವರು, ಭಾವಮೈದ ಎಲ್ಲವನ್ನೂ ಕ್ರಮವಾಗಿ ಯಜಮಾನರಿಗೆ ವಿವರಿಸಿದರು. ಯಜಮಾನರು ಗೂಡಿನ ಕಡೆಗೆ ನೋಡಿದರು. ಬಹಳ ಹೊತ್ತು ನೋಡಿದರು.

ಆಗ ಹಗ್ಗದವನು ಬಂದು ಅವರೆದುರು ಕೈಕಟ್ಟಿ ನಿಂತ.

"ಯಜಮಾನ್ರೇ, ಗಾಜಿನ ಕೋಣೆ ನನಗೆ ಬೇಡ. ಕಡ್ಡಿ ಅಣ್ಣನಿಗೆ ಕೊಡಿ. ಎಷ್ಟು ದಿನ ಇರ್ತಾನೋ ಏನೋ, ಇರೋವಷ್ಟು ದಿನ ಬೆಚ್ಚಗಿರ್ಲಿ." ಅಷ್ಟು ದೊಡ್ಡ ಗಂಡಸು ಬಿಕ್ಕಿಬಿಕ್ಕಿ ಅತ್ತ. ಅಳುತ್ತಲೇ ಚಳಿಗೆ ನಡುಗಿದ.

ಕಡ್ಡಿ ಬಯಸಿದ ಕೋಣೆ ಕೈಗೆ ಬಂದಿತ್ತು, ಅದೂ ಬೇರೊಬ್ಬನ ಕಣ್ಣೀರಿನಲ್ಲಿ ತೊಳೆದು ಕೊಟ್ಟ ಹಾಗೆ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಅಷ್ಟರಲ್ಲಿ ಮೇಲಿನ ರಸ್ತೆಯಿಂದ ಹೆಂಡತಿ ಓಡಿಬರುವುದು ಕಂಡಿತು. ಯಾರೋ ಪುಣ್ಯಾತ್ಮರು ಮನೆಯ ತನಕ ಸುದ್ದಿ ಮುಟ್ಟಿಸಿದ್ದರು. ಎಲ್ಲರ ತಲೆ ತಗ್ಗಿರುವುದನ್ನೂ ಹಗ್ಗದವನು ಅಳುವುದನ್ನೂ ನೋಡಿ, "ಅಯ್ಯೋ, ಆಗ್ಲೇ ಹೋಗ್ಬಿಟ್ರಾ?" ಎಂದು ಚೀರಿದಳು. ಗೂಡಿನ ಬಾಗಿಲು ನೂಕಿ ಒಳಗೆ ಬಂದು ಗಂಡನನ್ನು ತಬ್ಬಿಕೊಂಡಳು.

ತಬ್ಬಿಕೊಂಡವಳ ಬೆರಳಿಗೆ ತಾನೇ ಹಾಕಿದ ಹೆಣಿಗೆಯ ಗಂಟುಗಳು ಸಿಕ್ಕವು. ಅವಳ ಅಳು ನಿಂತಿತು. ತಲೆಯೆತ್ತಿ ಗಂಡನ ಮುಖ ನೋಡಿದಳು. ಅವನು ಕಣ್ಣಲ್ಲೇ ಬೇಡಿಕೊಂಡ. ಊರೇ ಹೆದರಿದ್ದ ಕಾಯಿಲೆ ತನ್ನ ಕೈಯಾರೆ ಹೆಣೆದದ್ದೆಂದು ತಿಳಿದು ಅವಳಿಗೆ ನಗು ಬರಬೇಕಿತ್ತು. ಬಂದದ್ದು ಅಳುವೇ, ಮೊದಲಿಗಿಂತ ಜೋರಾಗಿ. ಬದುಕಿದ್ದಾರಲ್ಲ ಎಂಬ ಸಮಾಧಾನದ ಅಳು. ಅದನ್ನು ನೋಡಿ ಅಕ್ಕನೂ ಅತ್ತಳು, ಚಾಲಕನೂ ಅತ್ತ.

"ಸಾಕು" ಎಂದರು ಯಜಮಾನರು. "ನೀನು ನನ್ನ ಜೊತೆ ಬಾ."

ಗಾಜಿನ ಕೋಣೆಗೆ ಕಡ್ಡಿಯೊಬ್ಬನನ್ನೇ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು, ಪರದೆ ಎಳೆದರು. ಒಳಗೆ ಎಂಥ ಬೆಚ್ಚನೆ! ಹಿರಿಯ ಗುಮಾಸ್ತರ ಕುರ್ಚಿಯ ಮೇಲೆ ಬಿಸಿಲು ಕೂತಿತ್ತು. ಒಂದು ಕ್ಷಣ ಕಡ್ಡಿಯ ಮನಸ್ಸು ಹೊಯ್ದಾಡಿತು. ಆದರೆ ಹಗ್ಗದವನ ನೀಲಿ ತುಟಿ ಕಣ್ಣಿನಿಂದ ಹೋಗಲಿಲ್ಲ.

"ಯಜಮಾನ್ರೇ, ತಪ್ಪಾಯ್ತು. ನನಗೆ ಕಾಯಿಲೆ ಇಲ್ಲ, ಏನೂ ಇಲ್ಲ. ಒಳಗೆ..." ಎಂದು ಮೊದಲ ಗುಂಡಿಗೆ ಕೈ ಹಾಕಿದ.

"ಗೊತ್ತು."

"ಗೊತ್ತಾ?"

"ಊದ್ಕೊಂಡವನ ಬೆರಳು ಅಷ್ಟು ಸಣ್ಣಗೆ ಇರತ್ತೇನಯ್ಯಾ? ಅಲ್ಲದೆ ಈ ಕಾಯಿಲೆ ನನಗೆ ಚೆನ್ನಾಗಿ ಗೊತ್ತು" ಎಂದ ಯಜಮಾನರು ತಮ್ಮ ಅಂಗಿಯ ಗುಂಡಿ ಬಿಚ್ಚಿದರು. ಒಳಗೆ ಹಸಿರು ಸ್ವೆಟರ್. ಅದನ್ನು ಎತ್ತಿದರೆ ಅದರೊಳಗೆ ಬೂದು ಬಣ್ಣದ್ದು. "ನಂದು ಎರಡಿದೆ."

ಕಡ್ಡಿ ಬಾಯಿ ತೆರೆದವನು ಮುಚ್ಚಲಿಲ್ಲ. ಆಮೇಲೆ ಇಬ್ಬರೂ ಸದ್ದಿಲ್ಲದೆ ನಕ್ಕರು. ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದಂತಾಯಿತು. ಕೆಲಸ ಉಳಿಯಿತು. ಈಗ ಕೋಣೆಯೂ ತನ್ನದೇ ಎಂದುಕೊಂಡು ಅವನು ಮೆಲ್ಲನೆ ಕುರ್ಚಿಯ ಕಡೆಗೆ ನೋಡಿದ.

"ಅದು ಹಗ್ಗದವನಿಗೆ" ಎಂದರು ಯಜಮಾನರು.

"ಯಜಮಾನ್ರೇ?"

"ಅವನು ಹೊರಗೆ ನಿಂತು ನಡುಗ್ತಾ ಇದ್ರೆ ನನ್ನ ಸೀಸನ್ ಮುಳುಗತ್ತೆ. ಏನೂ ಮುಚ್ಚಿಡೋಕೆ ಬರದವನನ್ನ ಬಾಗಿಲು ಹಾಕಿ ಒಳಗಿಡ್ಬೇಕು. ನೀನು? ಊರೆಲ್ಲಾ ಅಳ್ತಾ ಇದ್ರೂ ತುಟಿ ಪಿಟಕ್ಕೆನ್ನಲಿಲ್ಲ. ಅದ್ರ ಮೇಲೆ ಈ ಬೆವರು!" ಯಜಮಾನರು ಅವನ ಹಣೆಯನ್ನು ಪ್ರೀತಿಯಿಂದ ನೋಡಿದರು. "ಈ ಚಳೀಲಿ ನಿಜವಾದ ಬೆವರು ಬರೋ ಮನುಷ್ಯನನ್ನ ಎಲ್ಲಿ ಹುಡುಕ್ಲಿ ನಾನು? ನಾಳೆಯಿಂದ ಯಾಕೆ, ಇವತ್ತು ಸಂಜೆಯಿಂದಲೇ ನಿನ್ನ ಜಾಗ ಲಾಂಚಿನ ಮೂತಿ. ಎಲ್ರಿಗೂ ಕಾಣೋ ಹಾಗೆ ಕೂತ್ಕೊಂಡು ಕರವಸ್ತ್ರದಲ್ಲಿ ಬೆವರು ಒರೆಸ್ತಾ ಇರು. ಗಾಳಿ ಜೋರಿರತ್ತೆ. ಇನ್ನೊಂದು ಸ್ವೆಟರ್ ಹೆಣೆಸ್ಕೋ."

"ನನ್ನ ಎದೆ ಯಜಮಾನ್ರೇ..."

"ಹೊರಗೆ ಹೋಗಿ ಸ್ವೆಟರ್ ವಿಷಯ ಹೇಳ್ತೀಯಾ? ಹೇಳು. ಉಣ್ಣೆ ಹಾಕ್ಕೊಂಡವನ ಗತಿ ಏನು ಅಂತ ಎಲ್ರಿಗೂ ಗೊತ್ತು" ಎಂದು ಯಜಮಾನರು ತಮ್ಮ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು.

ಹೊರಗೆ ಬಂದು ಅವರೇ ಮಾತಾಡಿದರು. ದನಿ ಒದ್ದೆಯಾಗಿತ್ತು.

"ನೋಡ್ರಪ್ಪಾ, ಎಂಥಾ ಮನುಷ್ಯ ಇವನು! ಗಾಜಿನ ಕೋಣೆ ಹಗ್ಗದವನಿಗೇ ಇರ್ಲಿ ಅಂದ. ನಾನಿರೋವಷ್ಟು ದಿನ ಲಾಂಚಿನ ಮೂತೀಲಿ ಕೂತು ಕೆರೆ ನೋಡ್ತಾ ಇರ್ತೀನಿ, ಅದೊಂದೇ ಆಸೆ ಅಂದ. ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದರು. ಹಗ್ಗದವನು ಓಡಿಬಂದು ಕಡ್ಡಿಯ ಎರಡೂ ಕೈ ಹಿಡಿದು, "ಅಣ್ಣಾ, ಈ ಋಣ ನಾನು ಹೇಗೆ ತೀರಿಸ್ಲಿ" ಎಂದ. ಅಕ್ಕ ಸಂಜೆಯ ಗಂಜಿಯ ಮಾತು ಎತ್ತಿದಳು. ಕಡ್ಡಿ ಹೆಂಡತಿಯ ಕಡೆ ನೋಡಿದ. ಅವಳು ಯಾರಿಗೂ ಕೇಳದಂತೆ ಹತ್ತಿರ ಬಂದು, "ಕತ್ತು ಮುಚ್ಚೋ ಹಾಗೆ ಇನ್ನೊಂದು ಹೆಣೀತೀನಿ" ಎಂದಳು. ಅವಳ ಕಣ್ಣಲ್ಲಿ ಮತ್ತೆ ನೀರಿತ್ತು, ಈ ಸಲ ಅದು ಸಮಾಧಾನದ್ದಲ್ಲ.

ಸಂಜೆ ಒಂದು ಬಸ್ಸು ಬಂತು. ಇಳಿದವರು ನೀರಿನ ಮೇಲಿನ ಮಂಜು ನೋಡಿ ಅನುಮಾನಿಸಿದರು. ಆಮೇಲೆ ಲಾಂಚಿನ ಮೂತಿಯಲ್ಲಿ ಅರ್ಧ ತೋಳಿನ ಅಂಗಿ ತೊಟ್ಟು, ಹಣೆಯ ಬೆವರು ಒರೆಸುತ್ತ ಕೂತ ಮನುಷ್ಯನನ್ನು ನೋಡಿದರು. ಒಬ್ಬರಿಗೊಬ್ಬರು ತಲೆಯಾಡಿಸಿ ಟಿಕೆಟ್ ಕೊಂಡರು.

ಲಾಂಚು ಕಟ್ಟೆ ಬಿಟ್ಟು ಹೊರಟಿತು. ತೆರೆದ ನೀರಿನ ಗಾಳಿ ಕಡ್ಡಿಯ ಕತ್ತಿನೊಳಗೆ ಇಳಿಯಿತು. ಅವನು ಕೆಮ್ಮಿದ. ಮೇಲೆ ಗಾಜಿನ ಕೋಣೆಯ ಕಿಟಕಿ ತೆರೆದು, ಕೆಂಪೇರಿದ ಮುಖವನ್ನು ಹೊರಗೆ ಚಾಚಿ ಹಗ್ಗದವನು ಕೂಗಿದ:

"ಕಡ್ಡಿ ಅಣ್ಣಾ! ಇದ್ರೊಳಗೆ ಸೆಖೆ ಅಂದ್ರೆ ಸೆಖೆ! ಕೂರೋಕೇ ಆಗ್ತಿಲ್ಲ! ನೀನು ತಪ್ಪಿಸ್ಕೊಂಡೆ ನೋಡು!"